ಕಚ್ಚೆ ಸಡಿಲ ಮಾಡು ಎಂದವರು

ಅವರ ಬಲಗೈ ಹೆಬ್ಬೆರಳಿನ ಉಗುರು ಬೆರಳು ದಾಟಿ ಅರ್ಧ ಇಂಚು ಮುಂದಕ್ಕೆ ಬೆಳೆದಿತ್ತು. ಹಳದಿ ತಿರುಗಿ ಎತ್ತಿನ ಕೊಂಬಿನಷ್ಟು ಗಟ್ಟಿಯಾಗಿದ್ದ ಆ ಉಗುರನ್ನು ಬಟ್ಟೆಯ ಮೇಲೆ ಒಂದು ಸಲ ಬರ್ರನೆ ಎಳೆದರೆ ಗೆರೆ ಬೀಳುತ್ತಿತ್ತು, ಸೀಮೆಸುಣ್ಣ ಬೇಕಾಗುತ್ತಿರಲಿಲ್ಲ. ತುಟಿಗಳ ನಡುವೆ ಯಾವಾಗಲೂ ಆರೇಳು ಗುಂಡುಸೂಜಿ. ಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದರಿಂದ ತುಟಿ ಸೇರಿಸಿ ಹೇಳಬೇಕಾದ ಅಕ್ಷರಗಳು ಅವರ ಬಾಯಿಂದ ನೆಟ್ಟಗೆ ಹೊರಗೆ ಬರುತ್ತಿರಲಿಲ್ಲ. ಪ, ಬ, ಮ ಬಂದ ಕಡೆಯೆಲ್ಲ ನಾವು ಅಂದಾಜು ಮಾಡಿಕೊಳ್ಳಬೇಕು. ಈ ಅಂದಾಜಿನಿಂದಲೇ ಒಂದು ದಿನ ನಾನು ಅವರ ಕೊರಳಪಟ್ಟಿಗೆ ಕೈ ಹಾಕಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ಯಡಿಯೂರಿನಲ್ಲಿ, ಕನಕಪುರ ರಸ್ತೆಗೆ ಮುಖ ಮಾಡಿದ್ದ ತಗಡಿನ ಸೂರಿನ ಒಂದು ಕೋಣೆ ಅವರ ಅಂಗಡಿ. ಆ ಕಡೆ ನಮ್ಮ ಹಳೇ ಊರು, ಈ ಕಡೆ ಜಯನಗರ ಅಂತ ಹೊಸದಾಗಿ ಹೆಸರಿಟ್ಟುಕೊಂಡಿದ್ದ ಸೈಟುಗಳು. ನಮ್ಮ ತಾತ ರಾಗಿ ಬಿತ್ತಿದ್ದ ಹೊಲದಲ್ಲಿ ನಂಬರು ಬರೆದ ಕಲ್ಲು ನೆಟ್ಟಿದ್ದರು. ಊರಿನವರು ನಿಲುವಂಗಿ ಹೊಲಿಸಲು, ಬಡಾವಣೆಯವರು ಕೋಟು ಹೊಲಿಸಲು ಅವರ ಹತ್ತಿರವೇ ಬರುತ್ತಿದ್ದರು. ಇಬ್ಬರನ್ನೂ ಅವರು ಕರೆಯುತ್ತಿದ್ದುದು ಸೊಂಟದ ಅಳತೆಯಿಂದ. “ಬನ್ನಿ ನಲವತ್ತೆರಡು, ಕೂತ್ಕೊಳ್ಳಿ. ಯಾಕೆ ಇಪ್ಪತ್ತೆಂಟು, ಬಡಕಲಾಗಿದೀರ?” ಅನ್ನುವುದು. ನಾನು ಮೂವತ್ತೆರಡು. ಅವರು ನಮಗೆಲ್ಲ ಟೈಲರ್ ಯಜಮಾನರು.

ಯಾರು ಎಷ್ಟೇ ಬಿಗಿಯಾಗಿ ಹೊಲಿಯಿರಿ ಎಂದರೂ ಅವರು ಅರ್ಧ ಇಂಚು ಬಿಟ್ಟೇ ಹೊಲಿಯುತ್ತಿದ್ದರು. ಗಲಾಟೆ ಮಾಡಿದರೆ, “ಬಟ್ಟೆ ಹಾಕ್ಕೊಳೋರು ನೀವು, ಆದ್ರೆ ಒಳಗೆ ಗಾಳಿನೂ ಇರ್ಬೇಕಲ್ಲ” ಅನ್ನುತ್ತಿದ್ದರು. ಅದು ವಯಸ್ಸಾದವರ ಹಟ ಅಂತ ನಾವು ನಗುತ್ತಿದ್ದೆವು.

ನನ್ನ ವಿಷಯ ಸ್ವಲ್ಪ ಹೇಳಬೇಕು. ಮಾರ್ಕೆಟ್ಟಿನಿಂದ ಕನಕಪುರಕ್ಕೆ ಓಡುತ್ತಿದ್ದ ಒಂದು ಖಾಸಗಿ ಬಸ್ಸಿಗೆ ನಾನು ಡ್ರೈವರ್. ಮೂಗಿನ ತುದಿಯಲ್ಲೇ ಕೋಪ. ಹದಿನಾಲ್ಕು ವರ್ಷಕ್ಕೇ ಊರ ಗರಡಿಗೆ ಇಳಿದವನು. ಅಲ್ಲಿನ ವಸ್ತಾದರು ಅಖಾಡದ ಮಣ್ಣು ಮುಟ್ಟಿಸುವ ಮೊದಲು ಕಲಿಸಿದ್ದು ಲಂಗೋಟಿ ಕಟ್ಟುವುದನ್ನು. “ಕಚ್ಚೆ ಬಿಗಿ ಇರ್ಬೇಕು ಕಣ್ಲಾ. ಬಿಗಿ ಇದ್ದಷ್ಟು ಗಂಡಸ್ತನ ಒಳಗೇ ಉಳೀತದೆ” ಎಂದು ಹೇಳಿ, ತಾವೇ ಹಿಂದಿನಿಂದ ಎಳೆದು ಗಂಟು ಹಾಕಿದರು. ಕಣ್ಣಲ್ಲಿ ನೀರು ಬಂತು. ಆವತ್ತಿನಿಂದ ನಾನು ಲಂಗೋಟಿ ಬಿಚ್ಚಿದ್ದು ಸ್ನಾನಕ್ಕೆ ಮಾತ್ರ. ಕುಸ್ತಿ ಬಿಟ್ಟೆ, ಡ್ರೈವರ್ ಆದೆ, ಮದುವೆಯಾದೆ. ಲಂಗೋಟಿ ಹಾಗೇ ಇತ್ತು. ನಮ್ಮ ಕಡೆ ಕಚ್ಚೆ ಬಿಗಿ ಎಂದರೆ ನಡತೆ ಗಟ್ಟಿ ಎಂದರ್ಥ, ಕಚ್ಚೆ ಸಡಿಲ ಎಂದರೆ ಕಂಡವರ ಮನೆ ಬಾಗಿಲು ಕಾಯುವವನು. ಅಂಥ ಮಾತು ನನ್ನ ಮೇಲೆ ಬರಬಾರದು ಎಂಬ ಜಂಬ. ಅದರ ಮೇಲೆ ಕಾಲಿಗೆ ಅಂಟಿದಂಥ ಖಾಕಿ ಪ್ಯಾಂಟು. ಪಕ್ಕದಲ್ಲೇ ಇಂಜಿನ್ನು, ಅದರ ಬಾನೆಟ್ಟಿನ ಮೇಲೆ ನೀರಿಟ್ಟರೆ ಕಾಫಿ ಮಾಡಬಹುದಿತ್ತು. ದಿನಕ್ಕೆ ಎರಡು ಪ್ಯಾಕು ಸಿಗರೇಟು. ಸಂಜೆ ಮನೆಗೆ ಬಂದರೆ ಮೈಕೈ ನೋವಿಗೆ ಹಂಡೆಯ ಕುದಿನೀರು.

ಮದುವೆಯಾಗಿ ಐದು ವರ್ಷವಾದರೂ ಮಕ್ಕಳಾಗಲಿಲ್ಲ. ನನ್ನ ಹೆಂಡತಿ ವಸಂತಪುರದವಳು. ಪ್ರತಿ ಸೋಮವಾರ ಒದ್ದೆ ಸೀರೆಯಲ್ಲಿ ಅಶ್ವತ್ಥಕಟ್ಟೆ ಸುತ್ತುತ್ತಿದ್ದಳು. ಯಾರೋ ಹೇಳಿದರೆಂದು ಕಹಿ ಕಷಾಯ ಕುಡಿದು ಮೂರು ದಿನ ವಾಂತಿ ಮಾಡಿಕೊಂಡಳು. ಊರಲ್ಲಿ ಸೀಮಂತ ನಡೆದರೆ ಅವಳನ್ನು ಕರೆಯುವುದನ್ನು ಬಿಟ್ಟರು. ಒಂದು ದಿನ ನಾನು ಕೆಲಸದಿಂದ ಬಂದಾಗ, ಪಕ್ಕದ ಮನೆಯವರು ತಮ್ಮ ಕೂಸನ್ನು ಅವಳ ಕೈಯಿಂದ ನಯವಾಗಿ ಇಸಿದುಕೊಂಡು ಹೋಗುತ್ತಿದ್ದರು. ಅವಳು ಖಾಲಿ ಕೈಯನ್ನು ಹಾಗೇ ಹಿಡಿದು ನಿಂತಿದ್ದಳು. ಇದೆಲ್ಲ ನನ್ನ ಕಣ್ಣೆದುರಿಗೇ ನಡೆಯುತ್ತಿತ್ತು. ಆದರೆ ತಪ್ಪು ನನ್ನಲ್ಲಿ ಇರಬಹುದೆಂದು ಒಂದು ಸಲವೂ ಅನಿಸಲಿಲ್ಲ. ಉಕ್ಕಿನಂಥ ಮೈ, ಬಿಗಿ ಕಚ್ಚೆ, ನನ್ನಲ್ಲಿ ಏನು ಕೊರತೆ?

ಆ ವರ್ಷ ಅವ್ವ ಮನಸ್ಸು ಗಟ್ಟಿ ಮಾಡಿದಳು. ಸುಬ್ರಹ್ಮಣ್ಯಪುರದಲ್ಲಿದ್ದ ಅವಳ ತಮ್ಮನ ಮಗಳನ್ನು ನನಗೆ ಎರಡನೆಯದಾಗಿ ತರುವುದು, ಇವಳನ್ನು ತವರಿಗೆ ಕಳಿಸುವುದು. ಎರಡನೇ ಮದುವೆ ಕೂಡದು ಅಂತ ಕಾನೂನು ಬಂದಿತ್ತು. ನಮ್ಮ ಪಡಸಾಲೆಯವರೆಗೆ ಬಂದಿರಲಿಲ್ಲ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಹೆಂಡತಿಗೆ ವಿಷಯ ತಿಳಿದ ದಿನ ಅವಳು ನನ್ನ ಖಾಕಿ ಬಟ್ಟೆ ಒಗೆದು, ಹಿಂಡಿ, ಹರಡಿ ಬಂದು, “ನನ್ನ ಎರಡು ಸೀರೆ ತವರಿಂದ ಬಂದಿದ್ದು. ಅವನ್ನ ತಗೊಂಡು ಹೋಗ್ಬೋದಾ?” ಎಂದಳು.

ಅವ್ವ ತಂದಿಟ್ಟ ಬಟ್ಟೆ ಹಿಡಿದು ಒಂದು ಮಧ್ಯಾಹ್ನ ಟೈಲರ್ ಅಂಗಡಿಗೆ ಹೋದೆ.

“ಬನ್ನಿ ಮೂವತ್ತೆರಡು. ಸಖತ್ ಬಟ್ಟೆ. ಯಾರ ಮದುವೆ?”

“ನಂದೇ.”

ಟೇಪು ಹಿಡಿದಿದ್ದ ಕೈ ನನ್ನ ಸೊಂಟದ ಮೇಲೆ ನಿಂತಿತು. “ಮನೇಲಿರೋ ಹೆಂಡ್ತಿ?”

“ಮಕ್ಕಳಾಗ್ಲಿಲ್ಲ ಯಜಮಾನ್ರೆ. ತವರಿಗೆ ಕಳಿಸ್ತಾರೆ.”

ಅಳತೆ ಮುಂದುವರಿಯಿತು. ಬೆರಳಿಗೆ ಪ್ಯಾಂಟಿನ ಒಳಗಿನ ಗಂಟು ಸಿಕ್ಕಿತು. “ಇದೇನು, ಲಂಗೋಟಿನಾ? ಗರಡಿ ಬಿಟ್ಟು ಎಷ್ಟು ವರ್ಷ ಆಯ್ತು?”

“ಗರಡಿ ಬಿಟ್ಟೆ. ಇದನ್ನ ಬಿಡ್ಲಿಲ್ಲ.”

“ಹಗಲೂ ರಾತ್ರಿನೂ?”

“ಹಗಲೂ ರಾತ್ರಿನೂ” ಎಂದೆ, ಎದೆ ಉಬ್ಬಿಸಿ.

ಅವರು ಟೇಪು ಕೊರಳಿಗೆ ಹಾಕಿಕೊಂಡು, ನನ್ನ ಮುಖವನ್ನೇ ನೋಡುತ್ತ ಏನೋ ಹೇಳಿದರು. ಅವರು ಹೇಳಿದ್ದು “ಮೊದ್ಲು ಈ ಕಚ್ಚೆ ಸಡಿಲ ಮಾಡು, ಆಮೇಲೆ ಮದುವೆ ಮಾತಾಡು” ಎಂದು. ಬಾಯಲ್ಲಿ ಸೂಜಿ. ಮಕಾರವೆಲ್ಲ ಹಾರಿಹೋಗಿ, ನನ್ನ ಕಿವಿಗೆ ಸ್ಪಷ್ಟವಾಗಿ ಬಿದ್ದದ್ದು ಎರಡೇ ಪದ, ಕಚ್ಚೆ ಮತ್ತು ಸಡಿಲ. ಹಿಂದುಮುಂದೆಲ್ಲ ಗೊಣಗು.

ಎರಡನೇ ಮದುವೆ ಆಗುತ್ತಿದ್ದಾನೆ, ಕಚ್ಚೆ ಸಡಿಲ ಅಂತ ಮುಖಕ್ಕೇ ಹೇಳಿಬಿಟ್ಟರಲ್ಲ ಎಂದು ನನ್ನ ತಲೆ ಕೆಟ್ಟುಹೋಯಿತು. ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದೆ. “ಯಾರಿಗೆ ಹೇಳ್ತಾ ಇದೀರ?” ಎಂದು ಕೂಗಿದೆ. ಮುಷ್ಟಿ ಎತ್ತಿದ್ದೆ.

ಅವರು ಕೊಸರಾಡಲಿಲ್ಲ. ಉಸಿರನ್ನೂ ಮೂಗಿನಲ್ಲೇ ನಿಧಾನವಾಗಿ ಬಿಡುತ್ತಿದ್ದರು. ಕಣ್ಣು ನನ್ನ ಮುಷ್ಟಿಯ ಮೇಲೆ. ಎರಡು ಬೆರಳನ್ನು ತುಟಿಗೆ ತಂದು ಒಂದು ಸೂಜಿ ತೆಗೆದರು. ಅಂಗಿಯ ತೋಳಿಗೆ ಚುಚ್ಚಿದರು. ಇನ್ನೊಂದು. ಮತ್ತೊಂದು. ಆಗ ನನಗೆ ತಿಳಿಯಿತು, ಆ ಬಾಯಿಗೆ ನಾನು ಗುದ್ದಿದ್ದರೆ ಏನಾಗುತ್ತಿತ್ತು ಎಂದು. ಕೈ ತಾನಾಗಿ ಇಳಿಯಿತು. ಕೊನೆಯ ಸೂಜಿ ತೆಗೆದ ಮೇಲೆ ಅವರು ಅದೇ ಮಾತನ್ನು ಮತ್ತೆ, ಒಂದಕ್ಷರವೂ ಬಿಡದಂತೆ ಹೇಳಿದರು. “ಬೈಗುಳ ಅಲ್ಲ ಇದು. ನಿನ್ನ ಲಂಗೋಟಿ ವಿಷಯಾನೇ ಹೇಳಿದ್ದು. ಬಟ್ಟೆ ಇಟ್ಟು ಹೋಗು. ನಾಳೆ ನಿನ್ನ ಬಸ್ಸಿಗೆ ಬರ್ತೀನಿ.” ಅಲ್ಲಿಯವರೆಗೆ ನನ್ನನ್ನು ನೀವು ಎನ್ನುತ್ತಿದ್ದವರು ಆವತ್ತಿನಿಂದ ನೀನು ಎಂದರು. ಕೊನೆಯವರೆಗೂ ಅದೇ ಉಳಿಯಿತು.

ಮರುದಿನ ಬೆಳಗಿನ ಮೊದಲ ಟ್ರಿಪ್ಪಿಗೆ ಕೋಟು ಹಾಕಿಕೊಂಡು ನಿಂತಿದ್ದರು. ಕನಕಪುರ ರಸ್ತೆಯಲ್ಲಿ ಅಂಗಡಿ ಇಟ್ಟುಕೊಂಡೂ ಆ ರಸ್ತೆಯ ಬಸ್ಸು ಅವರು ಹತ್ತಿದ್ದನ್ನು ನಾನು ಕಂಡಿರಲಿಲ್ಲ. ಬಾನೆಟ್ಟಿನ ಪಕ್ಕದ ಸೀಟಿನಲ್ಲಿ ಕೂತರು. ಒಂದು ಸಲ ಅಂಗೈಯನ್ನು ಬಾನೆಟ್ಟಿನ ಮೇಲಿಟ್ಟು ತಟ್ಟನೆ ತೆಗೆದು, ನನ್ನ ತೊಡೆಯ ಕಡೆ ನೋಡಿದರು. ಬನಶಂಕರಿ ಗುಡಿ ದಾಟಿತು, ಸಾರಕ್ಕಿ ದಾಟಿತು, ಕೋಣನಕುಂಟೆ ದಾಟಿತು.

ತಲಘಟ್ಟಪುರದಲ್ಲಿ ರೇಡಿಯೇಟರಿಗೆ ನೀರು ಹಾಕಲು ಹತ್ತು ನಿಮಿಷ ನಿಲ್ಲಿಸುತ್ತಿದ್ದೆ. ಅವರು ನನ್ನ ಹಿಂದೆಯೇ ಇಳಿದು ಬಸ್ಸಿನ ಮರೆಯಲ್ಲಿ ನಿಂತರು. ರಸ್ತೆಯಾಚೆ ಒಂದು ಹೆಂಚಿನ ಮನೆ. ಜಗಲಿಯ ಮೇಲೆ ನಡುವಯಸ್ಸಿನ ಹೆಂಗಸೊಬ್ಬಳು ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದಳು. ಪಕ್ಕದಲ್ಲಿ ಬೆಳೆದ ಇಬ್ಬರು ಹೆಣ್ಣುಮಕ್ಕಳು.

“ಆ ಹುಡುಗೀರ ಎಡ ಭುಜ ನೋಡು, ಒಂದಿಂಚು ಇಳಿದಿದೆ. ತಾಯಿ ಅಳತೆ” ಎಂದರು. “ಆ ತಾಯಿ ಏಳು ವರ್ಷ ನನ್ನ ಹೆಂಡ್ತಿಯಾಗಿದ್ಲು.”

ನನ್ನ ಕೈಯಲ್ಲಿ ನೀರಿನ ಡಬ್ಬ ಹಾಗೇ ಇತ್ತು.

“ಮಕ್ಕಳಾಗ್ಲಿಲ್ಲ. ಹಿರಿಯರ ಮುಂದೆ ನಿಂತ್ಕೊಂಡು ಇವಳು ಬಂಜೆ ಅಂತ ನಾನೇ ಅಂದೆ. ಅವಳ ಎದುರಿಗೇ ಅಂದೆ. ನಮ್ಮ ಪೈಕಿ ಉಡಿಕೆ ಇದೆ, ಬಿಟ್ಟೋಳಿಗೆ ಇನ್ನೊಂದ್ ಮದುವೆ ಮಾಡ್ತಾರೆ. ಈ ಊರಿಗೆ ಕೊಟ್ರು. ಎರಡು ವರ್ಷದಲ್ಲಿ ಮಗ ಹುಟ್ಟಿದ. ಆಮೇಲೆ ಇವರಿಬ್ರು.” ಕೋಟಿನ ಗುಂಡಿ ಬಿಚ್ಚಿ ಮತ್ತೆ ಹಾಕಿಕೊಂಡರು. “ನಾನೂ ಇನ್ನೊಂದ್ ಕಟ್ಕೊಂಡೆ. ಅವಳಿಗೂ ಆಗ್ಲಿಲ್ಲ. ಜಯನಗರದ ಮಿಲಿಟ್ರಿ ಡಾಕ್ಟ್ರಿಲ್ವಾ, ನಮ್ಮಲ್ಲಿ ಕೋಟ್ ಹೊಲಿಸೋರು, ಅವರು ಒಂದಿನ ನನ್ನ ಪರೀಕ್ಷೆ ಮಾಡಿದ್ರು. ನನ್ನಲ್ಲಿ ಬೀಜಾನೇ ಇಲ್ಲ ಕಣಪ್ಪಾ. ಹುಡುಗನಾಗಿದ್ದಾಗಿಂದ ನಿನ್ನ ಹಾಗೇ ಲಂಗೋಟಿ. ಮೇಲೆ ದಿನವಿಡೀ ತೊಡೆ ಪಕ್ಕದಲ್ಲಿ ಇದ್ದಿಲು ಇಸ್ತ್ರಿ. ಗಂಡಸಿನ ಆ ಭಾಗ ಮೈಗಿಂತ ತಣ್ಣಗಿರ್ಬೇಕಂತೆ, ಅದಕ್ಕೇ ದೇವರು ಹೊರಗಿಟ್ಟಿರೋದು, ನೀವು ಕಟ್ಟಿ ಬೇಯಿಸಿದ್ರಿ ಅಂದ್ರು. ಇದ್ರಿಂದ್ಲೇ ಹೋಯ್ತು ಅಂತ ಅವರು ಆಣೆ ಮಾಡ್ಲಿಲ್ಲ. ಬೇರೆ ಕಾರಣಾನೂ ಇರ್ಬೋದು, ತಡವಾಗಿ ಬಂದ್ರಿ ಅಂದ್ರು.”

“ಮನೇಲಿ ಗೊತ್ತಾ?”

“ನಿನ್ನೆವರ್ಗೂ ಗೊತ್ತಿರ್ಲಿಲ್ಲ. ನೀನು ಹೋದ್ಮೇಲೆ ಹೇಳ್ದೆ. ನಾನು ಬಾಯಿ ಮುಚ್ಕೊಂಡು ನಿಂಗೆ ಬುದ್ಧಿ ಹೇಳೋಕೆ ಬರೋದು ಹೆಂಗೆ?”

“ಏನಂದ್ರು?”

“ಊಟಕ್ಕಿಟ್ಲು. ತಾನು ತಿನ್ಲಿಲ್ಲ.”

ಕಂಡಕ್ಟರು ಬಾಗಿಲು ಬಡಿಯುತ್ತಿದ್ದ. ನಾನು ಹೊರಡುವಾಗ ಕೇಳಿದೆ, “ಆಯಮ್ಮನಿಗೆ?”

ಅವರು ರಸ್ತೆಯಾಚೆ ನೋಡಿದರು. “ಈ ರಸ್ತೆ ದಾಟೋಕೆ ಇನ್ನೂ ಧೈರ್ಯ ಬಂದಿಲ್ಲ” ಎಂದು ಹೇಳಿ, ವಾಪಸು ಹೋಗುವ ಬಸ್ಸಿಗೆ ಕಾಯಲು ಆಲದ ಮರದ ಕಡೆ ನಡೆದರು.

ಎರಡು ದಿನ ಬಿಟ್ಟು ನಾನು ಆ ಡಾಕ್ಟರ ಹತ್ತಿರ ಹೋದೆ. ಕೊಟ್ಟ ಸೀಸೆಯನ್ನು ಹಿಡಿದುಕೊಂಡು ಅವರ ಕಕ್ಕಸಿನಲ್ಲಿ ನಾನು ಪಟ್ಟ ನಾಚಿಕೆಯನ್ನು ಬರೆಯಲಾರೆ. ಅವರು ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನೂ ಕರೆದು ತೋರಿಸಿದರು. ಒಂದು ಬೆಳಕಿನ ಬಿಲ್ಲೆ. ಅದರಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ, ಹೆಚ್ಚಿನವು ಅಲ್ಲಾಡದೆ ಬಿದ್ದಿದ್ದವು.

“ಇಷ್ಟೇನಾ ಸಾರ್?”

“ಇದು ತುಂಬಾ ಕಡಿಮೆ. ಆದ್ರೆ ಇಲ್ಲವೇ ಇಲ್ಲ ಅಂತಲ್ಲ” ಎಂದರು. ಲಂಗೋಟಿ ಬಿಡಬೇಕು, ಸಡಿಲ ಹತ್ತಿ ಬಟ್ಟೆ ಹಾಕಬೇಕು, ಕುದಿನೀರಿನ ಸ್ನಾನ ನಿಲ್ಲಿಸಬೇಕು, ಸಿಗರೇಟು ಬಿಡಬೇಕು, ಸೀಟಿಗೂ ಇಂಜಿನ್ನಿಗೂ ನಡುವೆ ಏನಾದರೂ ತಡೆ ಮಾಡಿಕೊಳ್ಳಬೇಕು. ಹೊಸದು ಹುಟ್ಟಿ ಬಲಿಯಲು ಎರಡೂವರೆ ಮೂರು ತಿಂಗಳು ಬೇಕು, ಅಲ್ಲಿಯವರೆಗೆ ಏನೂ ಹೇಳಲಾಗದು ಎಂದರು. “ಸರಿ ಹೋಗೇ ಹೋಗುತ್ತೆ ಅಂತ ನಾನು ಬರೆದುಕೊಡೋದಿಲ್ಲ. ನಿಮ್ಮ ಮನೆಯವರನ್ನ ಮಾತ್ರ ಇನ್ನು ಬೈಬೇಡಿ.”

ಮೂರು ತಿಂಗಳು ನನಗೆಲ್ಲಿತ್ತು? ಬರುವ ಶುಕ್ರವಾರ ಸುಬ್ರಹ್ಮಣ್ಯಪುರದವರು ತಾಂಬೂಲ ಬದಲಾಯಿಸಲು ಬರುವವರಿದ್ದರು. ನೆಟ್ಟಗೆ ಟೈಲರ್ ಅಂಗಡಿಗೆ ಹೋಗಿ ಅರ್ಧ ಡಜನ್ ಪಟಾಪಟಿ ಚಡ್ಡಿಗೆ ಹೇಳಿದೆ, ಸಡಿಲವಾಗಿ.

“ಮನೇಲಿ ಹೇಳಿದ್ಯಾ?”

“ಹೇಳ್ತೀನಿ.”

“ನಾನು ಬಂದು ಹೇಳೋ ಮಾತಲ್ಲ ಇದು. ನೀನೇ ಹೇಳ್ಬೇಕು.”

ನಾನು ಹೇಳಲಿಲ್ಲ. ಸೋಮವಾರ ಹೇಳುತ್ತೇನೆ ಎಂದುಕೊಂಡೆ. ಆ ಸೋಮವಾರವೂ ಹೆಂಡತಿ ಒದ್ದೆ ಸೀರೆಯಲ್ಲಿ ಕಟ್ಟೆ ಸುತ್ತಿ ನಡುಗುತ್ತ ಬಂದಳು, ನಾನು ಪೇಪರು ಮುಖಕ್ಕೆ ಹಿಡಿದು ಕೂತೆ. ಗರಡಿಯಲ್ಲಿ ನನಗಿಂತ ಒಂದೂವರೆ ಪಟ್ಟು ತೂಕದವನನ್ನು ಎತ್ತಿ ಒಗೆದಿದ್ದೇನೆ. ನಮ್ಮ ಅಡುಗೆಮನೆಯ ಹೊಸ್ತಿಲು ದಾಟಿ ಒಂದು ಮಾತು ಹೇಳಲು ಆಗಲಿಲ್ಲ. ಹೇಳಿದರೆ ಅವ್ವನ ಮುಂದೆ, ಗರಡಿಯ ಮುಂದೆ, ಊರಿನ ಮುಂದೆ ನಾನು ಗಂಡಸಾಗಿ ಉಳಿಯುವುದಿಲ್ಲ ಎನ್ನುವ ದಿಗಿಲು. ದಿನಾ ಬಸ್ಸು ಅಂಗಡಿ ಮುಂದೆ ಹೋಗುವ ಹೊತ್ತಿಗೆ ಯಜಮಾನರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ನಾನು ಎದುರಿನ ಖಾಲಿ ರಸ್ತೆ ನೋಡಿಕೊಂಡು ಸುಮ್ಮಸುಮ್ಮನೆ ಹಾರನ್ ಹೊಡೆಯುತ್ತಿದ್ದೆ.

ಶುಕ್ರವಾರ ಬಂತು. ಪಡಸಾಲೆಯಲ್ಲಿ ಸೋದರಮಾವ, ಅವರ ಕಡೆಯ ಇಬ್ಬರು ಹಿರಿಯರು. ನಡುವೆ ಹಿತ್ತಾಳೆ ತಟ್ಟೆ, ಅದರಲ್ಲಿ ಎಲೆ ಅಡಿಕೆ, ಅರಿಶಿನ ಕುಂಕುಮ. ಅವರಿಗೆಲ್ಲ ಕಾಫಿ ತಂದುಕೊಟ್ಟವಳು ನನ್ನ ಹೆಂಡತಿ. ಅವಳ ಕೈಯಿಂದ ಲೋಟ ತೆಗೆದುಕೊಳ್ಳುವಾಗ ಯಾರೂ ಅವಳ ಮುಖ ನೋಡಲಿಲ್ಲ. ಮದುವೆಯ ಬಟ್ಟೆಯನ್ನು ಆ ಹೊತ್ತಿಗೆ ಮನೆಗೇ ತರಬೇಕೆಂದು ಅವ್ವ ಟೈಲರಿಗೆ ಹೇಳಿಕಳಿಸಿದ್ದಳು. ಅವರು ಬಂದು, ಚಪ್ಪಲಿ ಬಿಟ್ಟು, ಪೇಪರಿನಲ್ಲಿ ಸುತ್ತಿದ ಗಂಟನ್ನು ಅವ್ವನ ಕೈಗೆ ಕೊಟ್ಟರು. ಅವ್ವ ಎಲ್ಲರಿಗೂ ಕಾಣಲೆಂದು ತಟ್ಟೆಯ ಪಕ್ಕದಲ್ಲೇ ಬಿಚ್ಚಿದಳು.

ಆರು ಪಟಾಪಟಿ ಚಡ್ಡಿ. ನೀಲಿ ಬಿಳಿ ಮೂರು, ಕೆಂಪು ಕಪ್ಪು ಮೂರು.

ಮಾವ ಮೊದಲು ನಕ್ಕರು. ಅವ್ವ ನಗಲಿಲ್ಲ. “ಮದುವೆ ಬಟ್ಟೆ ಎಲ್ಲಿ?”

“ಆ ಬಟ್ಟೆಗೆ ಕತ್ತರಿ ಹಾಕ್ಲಿಲ್ಲ ತಾಯಿ.”

“ಯಾಕೆ?”

“ನಿಮ್ಮ ಮಗನ್ನೇ ಕೇಳಿ” ಎಂದರು. ಈಗ ಬಾಯಲ್ಲಿ ಒಂದು ಸೂಜಿಯೂ ಇರಲಿಲ್ಲ.

ಎಲ್ಲರೂ ನನ್ನ ಕಡೆ ತಿರುಗಿದರು. ಟೈಲರಿಗೆ ತಲೆ ಕೆಟ್ಟಿದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು, ಎಲ್ಲರೂ ನಂಬುತ್ತಿದ್ದರು. ಆ ಮಾತು ನಾಲಿಗೆಯವರೆಗೆ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಅವರು ನನ್ನನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಬೇಡಿಕೊಳ್ಳುವ ನೋಟವೂ ಅಲ್ಲ, ಹೆದರಿಸುವ ನೋಟವೂ ಅಲ್ಲ. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಖಾಲಿ ಲೋಟಗಳನ್ನು ಹಿಡಿದು ನಿಂತಿದ್ದಳು.

“ಮಕ್ಕಳಾಗ್ದೆ ಇರೋದು ನನ್ನಿಂದ” ಎಂದೆ. “ಅವಳಿಂದ ಅಲ್ಲ. ಡಾಕ್ಟರ ಹತ್ರ ಹೋಗಿದ್ದೆ.”

“ಹಾಳಾದೋನೆ, ಹೆಂಡ್ತೀನ ಉಳಿಸ್ಕೊಳೋಕೆ ಈ ಸುಳ್ಳಾ?” ಅವ್ವ ಎದ್ದು ನಿಂತಳು.

“ಸುಳ್ಳಲ್ಲವ್ವ. ಕಣ್ಣಾರೆ ನೋಡ್ದೆ. ನಾಳೆ ನಿನ್ನ ತಮ್ಮನ ಮಗಳನ್ನ ತಂದ್ರೂ ಅವಳೂ ಕಟ್ಟೆ ಸುತ್ಬೇಕಾಗುತ್ತೆ.”

ಮಾವ ಏಳುವ ಮೊದಲು ತಟ್ಟೆಯಿಂದ ತಮ್ಮ ಎಲೆ ಅಡಿಕೆ ಎತ್ತಿಕೊಂಡರು. “ಗಂಡಸೇನಯ್ಯಾ ನೀನು?” ಎಂದು ಕೇಳಿ ಉತ್ತರಕ್ಕೆ ನಿಲ್ಲದೆ ಹೊರಟರು. ಅವ್ವ ಚಡ್ಡಿಗಳನ್ನೆಲ್ಲ ಬಾಚಿ ಟೈಲರ್ ಮುಖಕ್ಕೆ ಎಸೆದಳು. “ನಮ್ಮನೆ ಮಾನ ಕಳೆದ್ರಿ. ಈ ಹೊಸ್ತಿಲು ಇನ್ನು ತುಳೀಬೇಡಿ.” ಅವರು ಬಗ್ಗಿ ಒಂದೊಂದಾಗಿ ಆರಿಸಿ, ಒಂದೊಂದನ್ನೂ ಮಡಿಸಿ ಉಗುರಿನಿಂದ ಗೆರೆ ಎಳೆದು, ಮೂಲೆಯ ಬೆಂಚಿನ ಮೇಲಿಟ್ಟು ಹೋದರು. ಆ ಹೊಸ್ತಿಲನ್ನು ಅವರು ಮತ್ತೆ ತುಳಿಯಲಿಲ್ಲ.

ಮನೆ ಖಾಲಿಯಾದ ಮೇಲೆ ಹೆಂಡತಿ ಬಂದಳು. ಅಳುತ್ತಾಳೆ ಎಂದುಕೊಂಡಿದ್ದೆ. “ಯಾವತ್ತು ಗೊತ್ತಾಯ್ತು?” ಎಂದು ಕೇಳಿದಳು.

“ಹೋದ ಶನಿವಾರ.”

“ಹಂಗಾದ್ರೆ ಈ ಸೋಮವಾರ ನನ್ನ ಯಾಕೆ ಸುತ್ತೋಕೆ ಬಿಟ್ರಿ?”

ಅವಳು ಒಂದು ಚಡ್ಡಿ ಎತ್ತಿ ಬೆಳಕಿಗೆ ಹಿಡಿದು ನೋಡಿ, “ಬರೋ ಸೋಮವಾರದಿಂದ ಕಟ್ಟೆ ನೀವು ಸುತ್ತಿ. ಇದನ್ನೇ ಹಾಕ್ಕೊಂಡು” ಎಂದಳು. ಐದು ವರ್ಷದಲ್ಲಿ ಅವಳು ನನ್ನನ್ನು ಗೇಲಿ ಮಾಡಿದ್ದು ಅದೇ ಮೊದಲು.

ಊರಲ್ಲಿ ನನ್ನ ಹೆಸರು ಚಡ್ಡಿ ಡ್ರೈವರ್ ಆಯಿತು. ಅದನ್ನು ನಾನು ತಡೆದುಕೊಂಡೆ. ಯಜಮಾನರು ಕಳೆದುಕೊಂಡದ್ದು ಹೆಚ್ಚು. ಗರಡಿಯವರು ಅವರ ಅಂಗಡಿ ಬಿಟ್ಟರು, ಗಂಡಸರ ಗುಟ್ಟು ಬಯಲು ಮಾಡುವವನೆಂದು ಊರವರು ದೂರವಾದರು, ಅವರ ಹಳೆಯ ಕತೆಯೂ ಹೇಗೋ ಹೊರಬಿದ್ದು ಬಾಯಿಂದ ಬಾಯಿಗೆ ಹಬ್ಬಿತು. ಅವರ ಮನೆಯಾಕೆ ಒಂದು ತಿಂಗಳು ಮಾತು ಬಿಟ್ಟಿದ್ದರಂತೆ. ನಾನು ಹೋಗಿ ಕೈಮುಗಿದರೆ, “ಸೀಟಿಗೆ ಒಂದು ನಾರಿನ ದಿಂಬು ಹೊಲಿದಿದೀನಿ. ಮಧ್ಯ ಗಾಳಿಯಾಡೋಕೆ ಸಂದು ಬಿಟ್ಟಿದೀನಿ. ಎಲ್ಲಿ, ಕೂತು ತೋರ್ಸು” ಎಂದು ಮಾತು ಬದಲಿಸಿದರು. ಸಿಗರೇಟು ಬಿಟ್ಟೆನೋ ಇಲ್ಲವೋ ಎಂದು ನನ್ನ ಅಂಗಿ ಮೂಸಿ ನೋಡುತ್ತಿದ್ದರು.

ಮೂರು ತಿಂಗಳಿಗೆ ಡಾಕ್ಟರು ಮತ್ತೆ ನೋಡಿ ಪರವಾಗಿಲ್ಲ ಎಂದರು. ಆರು ತಿಂಗಳಿಗೆ ಇನ್ನೂ ಪರವಾಗಿಲ್ಲ ಎಂದರು. ಎರಡು ವರ್ಷದ ಮೇಲೆ ಮಗಳು ಹುಟ್ಟಿದಳು. ಚಡ್ಡಿಯಿಂದಲೋ, ಸಿಗರೇಟು ಬಿಟ್ಟದ್ದರಿಂದಲೋ, ತಣ್ಣೀರಿನಿಂದಲೋ, ಡಾಕ್ಟರಿಗೂ ಹೇಳಲಾಗಲಿಲ್ಲ. ಅವ್ವ ಮೊಮ್ಮಗಳನ್ನು ತೊಡೆಯಿಂದ ಕೆಳಗಿಳಿಸಲಿಲ್ಲ, ಆದರೆ ಟೈಲರ್ ಹೆಸರನ್ನು ಬಾಯಲ್ಲಿ ತರಲಿಲ್ಲ. ನಾನೇ ಮಗುವನ್ನು ಅಂಗಡಿಗೆ ಎತ್ತಿಕೊಂಡು ಹೋದೆ. ಅವರು ಟೇಪಿನಿಂದ ಅವಳ ಭುಜ ಅಳೆದು, ಎರಡೂ ಕಡೆ ಸಮ ಇದೆ ಎಂದರು. ಆಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಅದಾಗಿ ಮೂರು ವರ್ಷಕ್ಕೆ ಅವರ ಎದೆ ಕೆಟ್ಟಿತು. ನೋಡಲು ಹೋದಾಗ ಮಂಚದ ಮೇಲೆ ಒರಗಿ ಕೂತಿದ್ದರು. “ತಲಘಟ್ಟಪುರದಲ್ಲಿ ಒಂದು ಮಾತು ಮುಟ್ಟಿಸ್ಬೇಕು ಕಣೋ. ತಪ್ಪು ನಂದು ಅಂತ ಅವಳಿಗೆ ಹೇಳ್ಬೇಕು.”

ನನ್ನ ಹಳೇ ಕೋಪ ಎಲ್ಲಿತ್ತೋ ಬಂತು. “ನಾನ್ಯಾಕೆ ಹೇಳ್ಲಿ? ನನಗೆ ಹೇಳಿದ್ರಲ್ಲ, ನೀನೇ ಹೇಳ್ಬೇಕು ಅಂತ. ನೀವೂ ಹಂಗೇ. ಎದ್ದು ಬನ್ನಿ, ನನ್ನ ಬಸ್ಸಲ್ಲೇ ಕರ್ಕೊಂಡು ಹೋಗ್ತೀನಿ. ರಸ್ತೆ ದಾಟಿಸೋದು ನನ್ನ ಜವಾಬ್ದಾರಿ.”

ಅವರು ನಕ್ಕರು. “ಆಯ್ತು. ಸೋಮವಾರ ಬರ್ತೀನಿ” ಎಂದರು. ಭಾನುವಾರ ಹೋಗಿಬಿಟ್ಟರು.

ಆ ಮಾತು ನನ್ನ ಪಾಲಿಗೆ ಬಂತು. ನಾನು ಅವತ್ತೇ ಹೂಂ ಎಂದಿದ್ದರೆ ಅವರು ಹಗುರಾಗಿ ಹೋಗುತ್ತಿದ್ದರೇನೋ. ತಿಥಿ ಮುಗಿದ ಮರುದಿನ ತಲಘಟ್ಟಪುರದಲ್ಲಿ ಬಸ್ಸು ನಿಲ್ಲಿಸಿ, ರೇಡಿಯೇಟರಿಗೆ ನೀರು ಹಾಕಲು ಕಂಡಕ್ಟರಿಗೆ ಹೇಳಿ, ರಸ್ತೆ ದಾಟಿದೆ. ಆಕೆ ಜಗಲಿಯ ಮೇಲಿದ್ದರು. ತಲೆ ನರೆತಿತ್ತು. ನಾನು ಯಾರು, ಯಾಕೆ ಬಂದೆ ಎಂದು ಹೇಳಿದೆ. ಯಜಮಾನರು ಹೋದ ಸುದ್ದಿ ಹೇಳಿದೆ. ಆಮೇಲೆ ಅವರ ಮಾತನ್ನು ಒಂದಕ್ಷರವೂ ಬಿಡದೆ ಹೇಳಿದೆ.

ಆಕೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ಗೊತ್ತಿತ್ತು ಕಣಪ್ಪ. ನಂಗೆ ಮೊದಲನೇ ಬಸಿರು ನಿಂತ ದಿನಾನೇ ಗೊತ್ತಾಯ್ತು. ಅವರು ಬಂದು ಹೇಳ್ತಾರೆ ಅಂತ ಕಾಯ್ತಾ ಇದ್ದೆ.”

“ಎಷ್ಟು ವರ್ಷ ತಾಯಿ?”

“ನೀನು ಬರೋವರ್ಗೂ.”

ಬಸ್ಸಿಗೆ ಬಂದು ಕೂತೆ. ಕನಕಪುರದ ತನಕ ಕಣ್ಣು ಒರೆಸಿಕೊಂಡೇ ಓಡಿಸಿದೆ, ಧೂಳು ಎಂದು ಕಂಡಕ್ಟರಿಗೆ ಹೇಳಿದೆ. ಅವರು ನನಗೆ ಮಗಳನ್ನು ಕೊಟ್ಟರು ಎಂದು ನಮ್ಮ ಕಡೆಯವರು ಈಗ ಹೇಳುತ್ತಾರೆ. ಅದು ನನಗೆ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿರುವುದು ಇಷ್ಟು. ತಪ್ಪು ನಂದು ಎನ್ನುವ ಒಂದು ಮಾತಿಗಾಗಿ ಆಕೆ ಜೀವಮಾನವೆಲ್ಲ ಕಾದರು. ನನ್ನ ಹೆಂಡತಿ ಐದೇ ವರ್ಷ ಕಾದಳು.